ಟ್ರಿಪ್ ಶೀಟ್

ಬೆಳಗ್ಗೆ ಆರಕ್ಕೆ ಮೊದಲ ಟ್ರಿಪ್ಪು.
ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ
ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡ.
ಬಾಯಿ ತುಂಬಿಕೊಂಡು ಎಡಕ್ಕೆ ಬಲಕ್ಕೆ ಓಡಾಡಿಸಿ,
ನುಂಗದೆ ಉಗುಳಿ,
ಹಳೇ ವೇಬಿಲ್ಲಿನ ಮೇಲೊಂದು ಗೆರೆ.
ಎಂಟಕ್ಕೆ ಎರಡನೆಯದು, ಹತ್ತಕ್ಕೆ ಇನ್ನೊಂದು.
ಹತ್ತೊಂಬತ್ತು ವರ್ಷ ಆಡುಗೋಡಿಯಿಂದ ಮಾರ್ಕೆಟ್ಟಿಗೆ
ಟ್ರಿಪ್ಪು ಎಣಿಸಿದವಳಿಗೆ ಇದೇನು ಹೊಸ ಕೆಲಸವಲ್ಲ.
ದಾರಿ ಮಾತ್ರ ಗಿಡ್ಡ,
ಬಚ್ಚಲಿಂದ ಹಾಸಿಗೆಗೆ.

ಈ ಬಾಯಿ ಏನೇನು ಮಾಡಿಲ್ಲ!
ಮೆಷೀನು ಬರುವ ಮುಂಚೆ ಬೆರಳಿಗೆ ಎಂಜಲು ಕೊಟ್ಟು
ದಿನಕ್ಕೆ ಎಂಟುನೂರು ಟಿಕೆಟ್ಟು ಹರಿಸಿತ್ತು.
ಕೈ ಎರಡೂ ಸಾಲದಾಗ ಹತ್ತರ ನೋಟು ಕಚ್ಚಿ ಹಿಡಿದಿತ್ತು.
ಟೌನ್‌ಹಾಲ್ ತಿರುವಿನಲ್ಲಿ ಫುಟ್‌ಬೋರ್ಡಿಗೆ ನೇತುಬಿದ್ದವರನ್ನು
"ಒಳಗ್ ನಡೀರಿ, ಒಳಗೆ ಮದುವೆ ಮಾಡ್ಬೋದು ಅಷ್ಟ್ ಜಾಗ ಐತೆ"
ಅಂತ ಗದರಿ, ವಿಶಲ್ಲು ಊದಿತ್ತು.

ಔಷಧಿ ಶುರುವಾಗುವ ಹದಿನೈದು ದಿನ ಮುಂಚೆ
ಹಲ್ಲಿನ ಡಾಕ್ಟರು ನಫೀಸಾ ಟಾರ್ಚು ಹಿಡಿದು
ಬಾಯೊಳಗೆ ಚೆಕ್ಕಿಂಗ್ ಹತ್ತಿದರು.
ಕಡೇ ಸೀಟಿನಲ್ಲಿ ಟಿಕೆಟ್ ಇಲ್ಲದೆ ಕೂತಿದ್ದ
ಹುಳುಕು ದವಡೆ ಹಲ್ಲೊಂದು ಸಿಕ್ಕಿಬಿತ್ತು.
"ಇದನ್ನ ಈಗಲೇ ಇಳಿಸೋಣ. ಬಿಳಿ ರಕ್ತಕಣ ಕಮ್ಮಿಯಾದಾಗ
ಇದು ಗಲಾಟೆ ಎಬ್ಬಿಸಿದರೆ ತಡೆಯೋಕೆ ಯಾರೂ ಇರಲ್ಲ."
ಇಳಿಸಿದರು.
ಹತ್ತಿಯಲ್ಲಿ ಸುತ್ತಿ ಮನೆಗೆ ತಂದೆ, ಯಾಕೋ.

ಈಗ ನಾಲಿಗೆ, ಮೇ ತಿಂಗಳ ಮಧ್ಯಾಹ್ನ
ಡಿಪೋದಲ್ಲಿ ನಿಂತ ಬಸ್ಸಿನ ಟಾಪು.
ಏನು ತಿಂದರೂ ನಾಣ್ಯ ಬಾಯಲ್ಲಿಟ್ಟ ರುಚಿ.
"ಚಿಲ್ಲರೆ ಕೊಡಿ ಚಿಲ್ಲರೆ ಕೊಡಿ ಅಂತ ಪೀಡಿಸಿದ್ದಕ್ಕೆ
ಎಲ್ಲಾರೂ ಒಟ್ಟಿಗೆ ಕೊಟ್ರು ನೋಡೇ," ಅಂದೆ
ಗಂಜಿ ತಂದ ತಂಗಿಗೆ. ಅವಳು ನಕ್ಕಳು, ನಾನೂ ನಕ್ಕೆ.
ನಗಬಾರದಿತ್ತು.
ತುಟಿ ಬಿರಿದು ತಲೆದಿಂಬಿಗೆ ಎರಡು ಹನಿ.

ಮಹಡಿ ಮನೆಯ ಜೆನಿಫರ್‌ಗೆ ಆರು ವರ್ಷ.
ನನ್ನ ಬ್ರಷ್ಷು ನೋಡಿ ಅವಳಿಗೆ ಅನುಮಾನ:
"ಆಂಟಿ, ಇದು ಮಕ್ಕಳದ್ದು. ಆನೆ ಐತೆ."
ಹೌದು ಪುಟ್ಟಿ, ಅಂಗಡಿಯಲ್ಲಿ ಇದಕ್ಕಿಂತ ಮೆತ್ತನೆಯದು ಇರಲಿಲ್ಲ.
ಇದನ್ನೂ ಬೆಚ್ಚನೆ ನೀರಲ್ಲಿ ನೆನೆಸಿ
ಎಳೆಗೂಸಿನ ತಲೆ ಬಾಚಿದ ಹಾಗೆ ಉಜ್ಜಬೇಕು.
ಅವಳು ನನ್ನ ಪಕ್ಕ ನಿಂತು ಉಜ್ಜುತ್ತಾಳೆ, ಜೋರಾಗಿ,
ಅಲ್ಲಾಡುವ ಹಲ್ಲು ಬೇಗ ಬೀಳಲಿ ಅಂತ.

ಬಿತ್ತು, ಗುರುವಾರ.
ಸಗಣಿಯುಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯಬೇಕು ಅಂದೆ.
ಡೇರಿ ಸರ್ಕಲ್ ಪಕ್ಕದಲ್ಲೇ ಇದ್ದೂ
ಒಂದು ಹಿಡಿ ಸಗಣಿ ಸಿಗಲಿಲ್ಲ.
ಹಾಗೇ ಎಸೆದಳು. ತಗಡಿನ ಮೇಲೆ ಟಣ್.
ಹತ್ತಿ ಬಿಚ್ಚಿ ನಾನೂ ಎಸೆದೆ.
ಟಣ್.
"ನಿಮಗೂ ಹೊಸದು ಬರುತ್ತಾ?"
"ಇಲ್ಲ."
"ಮತ್ತೆ ಯಾಕೆ ಎಸೆದ್ರಿ?"

ಮೊನ್ನೆ ಡ್ರೈವರ್ ಪಿಳ್ಳಪ್ಪ ಬಂದಿದ್ದ,
ಜೇಬಿನಲ್ಲಿ ನನ್ನ ವಿಶಲ್ಲು.
"ಹೊಸ ಹುಡುಗ ಊದಲ್ಲಮ್ಮ, ಬಾಡಿ ತಟ್ತಾನೆ.
ಹೋಗು ಅಂತಾನಾ ನಿಲ್ಲು ಅಂತಾನಾ ಗೊತ್ತಾಗಲ್ಲ."
ಉಪ್ಪಿನಕಾಯಿ ಜಾಡಿ ಅವನಿಗೇ ಕೊಟ್ಟು ಕಳಿಸಿದೆ,
ಕಣ್ಣೆದುರಿದ್ದರೆ ಬೆರಳು ಸುಮ್ಮನಿರದು.
ವಿಶಲ್ಲನ್ನು ಬಿಸಿನೀರಲ್ಲಿ ತೊಳೆದು
ಆನೆ ಬ್ರಷ್ಷಿನ ಪಕ್ಕ ನೇತುಹಾಕಿದ್ದೇನೆ.
ಊದಿಲ್ಲ. ಒಂದು ಸಲ ತುಟಿಯ ಹತ್ತಿರ ತಂದೆ, ಅಷ್ಟೆ.
ಒಳಗಿನ ಗುಂಡು ಗಲಗಲ ಅಂತು.

ರಾತ್ರಿ ಹತ್ತು. ಕಡೇ ಟ್ರಿಪ್ಪು.
ಹೊಸೂರು ರಸ್ತೆಯಲ್ಲಿ ಖಾಲಿ ಬಸ್ಸೊಂದು
ಡಿಪೋ ಕಡೆ ಹೋದ ಸದ್ದು.
ಉಗುಳಿ, ತುಟಿಗೆ ತುಪ್ಪ ಸವರಿ,
ಕನ್ನಡಿ ಎದುರು ಟಾರ್ಚು ಬಿಟ್ಟು
ನನಗೆ ನಾನೇ ಚೆಕ್ಕಿಂಗ್ ಹತ್ತಿದೆ.
ಒಂಬತ್ತನೇ ಗೆರೆ ಎಳೆದು
ಕಲೆಕ್ಷನ್ ಅಂತಿರುವ ಖಾನೆಯಲ್ಲಿ ಬರೆದೆ:
ಹುಣ್ಣು ಮೂರು.
ನಿನ್ನೆ ಐದಿತ್ತು.