ಹುಳ ತಿಂದ ಜಾಗ

ಮುಳಗುಂದ ನಾಕಾದ ಹತ್ತಿರ ನಮ್ಮ ಪ್ರೆಸ್ಸು.
ಲಗ್ನಪತ್ರಿಕಿ, ಗೊಬ್ಬರದಂಗಡಿ ಬಿಲ್ ಪುಸ್ತಕ,
ನಡುವ ರಾಚಯ್ಯ ಮಾಸ್ತರರ ಮೂವತ್ತೊಂದು ವರ್ಷ,
ಒಂದು ರೇಷನ್ ಚೀಲದಾಗ.

ಕಾಗದದ ತುಂಬ ಮಜ್ಜಿಗಿಹುಲ್ಲಿನ ಎಣ್ಣಿ ವಾಸನಿ,
ತಾಳೆಗರಿಗೆ ಹಚ್ಚಿದ ಕೈಲೇ ಬರದದ್ದು.
ಸ್ಟೂಲಿನ ಮ್ಯಾಲೆ ಕುಂತು ಅವರು ಓದತಾರ, ನಾ ಟೈಪ್ ಮಾಡ್ತೀನಿ:
ಹಾವು ಕಡದ್ರ,
ದನಕ್ಕ ಗಂಟಲಬ್ಯಾನಿ ಬಂದ್ರ,
ಹಸಗೂಸು ಮಲಿ ಹಿಡೀಲಿಲ್ಲಂದ್ರ.

ಬಿಲ್ ಪುಸ್ತಕ ಒಯ್ಯಾಕ ಬಂದವರು ನಿಂತು ಕೇಳ್ತಾರ,
"ಮಾಸ್ತರ್ರ, ಮಣಕಾಲಬ್ಯಾನಿಗೆ ಏನರ ಐತೇನ್ರಿ ಅದರಾಗ?"
"ಏಳು ಐತಿ. ಏಳೂ ಜಗಳಾಡ್ತಾವು. ನೀ ದವಾಖಾನಿಗೆ ಹೋಗು."
ತಮ್ಮ ಸಕ್ಕರಿ ಗುಳಿಗಿ ಅಂಗಿ ಕಿಸೆದಾಗ.
ಊಟಕ್ಕ ಮೊದಲೊ ಆಮ್ಯಾಲೊ,
ದಿನಾ ನನ್ನ ಕೇಳ್ತಾರ.

ಗರಿ ಸಿಕ್ಕಿದ್ದು ಡೋಣಿಯಾಗ, ಒಬ್ಬರ ಜಂತಿ ಮ್ಯಾಲೆ.
ಮನಿಯವರು ವರ್ಷಾ ಪೂಜಾ ಮಾಡತಿದ್ರಂತ,
ಬಿಚ್ಚಿ ನೋಡಿರಲಿಲ್ಲ.
ಕುಂಕುಮ ತಗಿಯಾಕ ಒಂದು ವರ್ಷ, ಅಕ್ಷರ ಕೂಡಸಾಕ ಆರು.
ಒಂದು ಬಳ್ಳಿ ಹೆಸರಿಗೆ ಕಪ್ಪತಗುಡ್ಡ ಹತ್ತಿ ಇಳದದ್ದು ಲೆಕ್ಕಿಲ್ಲ.
ಕುರಿ ಕಾಯೋ ಹುಡುಗ ಒಂದು ಹೆಸರು ಹೇಳಿದ,
ಅವನಜ್ಜಿ ಇನ್ನೊಂದು,
ಗರಿಯಾಗ ಮೂರನೇದು.
"ಮೂರೂ ಹಾಕು ಶಮೀಮಾ. ಯಾರದು ಸುಳ್ಳಂತ ನಾ ಹೆಂಗ ಹೇಳ್ಲಿ?"

ನಲವತ್ತೆರಡನೇ ಗರಿ. ಕೂಸಿನ ಜ್ವರಕ್ಕ ಕಷಾಯ.
ಎಷ್ಟು ಕೊಡಬೇಕು ಅನ್ನೋ ಜಾಗಾ ಹುಳ ತಿಂದೈತಿ.
ಅಂಚಿನ್ಯಾಗ ಬ್ಯಾರೆ ಕೈ, ಇರುವಿ ಹರದಂಗ ಅಕ್ಷರ:
'ಇದ ಕೊಟ್ಟೆನು. ಮಗಳು ಉಳಿದುದಿಲ್ಲ. ಆದಡೂ ಬರೆದೆನು.'

ಮಾಲಕರಂದ್ರು, ಇದನ್ನ ತಗದ್ರ ಒಂದು ಪುಟ ಉಳಿತೈತಿ,
ಫಾರ್ಮಿಗೆ ಬರೋಬ್ಬರಿ ಆಗ್ತೈತಿ.
ತಗಿಯಾಕ ಮನಸಾಗಲಿಲ್ಲ ನನಗ.
ಕೆಳಗ ಅಡಿಟಿಪ್ಪಣಿಗೆ ಇಳಿಸಿದೆ, ಎಂಟು ಪಾಯಿಂಟಿಗೆ.

ಮಾಸ್ತರ ಚಷ್ಮಾ ತಗದು ಸ್ಕ್ರೀನಿಗೆ ಮಾರಿ ಹಚ್ಚಿದ್ರು,
ಗರಿ ನೋಡೂವಂಗ.
"ಮೂವತ್ತೊಂದು ವರ್ಷದಾಗ 'ಕೊಟ್ಟೆ' ಅಂದಾವ ಇವನೊಬ್ಬ ಸಿಕ್ಕಾನ.
ಉಳದವರೆಲ್ಲಾ 'ಕೊಡಬೇಕು' ಅಂದವರು.
ಮ್ಯಾಲೆ ತಾ."

ತಂದೆ. ಪಾಠದಷ್ಟ ದಪ್ಪ.
ಹುಳ ತಿಂದಲ್ಲಿ ಚುಕ್ಕಿ ಹಾಕ್ಲೇನ್ರಿ ಅಂದೆ.
"ಬ್ಯಾಡ. ಚುಕ್ಕಿ ಕಂಡ್ರ ಯಾವನರ ಎಣಿಸಿ ತುಂಬತಾನ.
ಖಾಲಿ ಬಿಡು."
ಸ್ಕೇಲ್ ಇಟ್ಟು ಅಳದು ಬಂದಿದ್ರು: ಹನ್ನೊಂದು ಮಿಲಿಮೀಟರ್.

ಖಾಲಿ ಬಿಡೂದು ಸಸಾರಲ್ಲ.
ಎಷ್ಟು ದೂರ ಸರಿಸಿದ್ರೂ ಸಾಲು ಜಗ್ಗಿ ಕೂಡ್ತೈತಿ,
ಶಬ್ದಕ್ಕ ಶಬ್ದ ಹಾಯ್ತೈತಿ.
ಸಂಜೀ ಮಟಾ ಹಿಡದು ಕುಂತೆ.

ಮರುದಿನ ಮಶೀನಿನ ಹುಡುಗ
ಹಾಳಿ ಹಿಡಕೊಂಡು ಓಡಿ ಬಂದ:
"ಅಕ್ಕಾ, ಇಲ್ಲೊಂಚೂರು ಮಸಿ ಹತ್ತಿಲ್ಲ ನೋಡು."
ಹಂಗ ಇರಲಿ, ಹೊಡಿ ಅಂದೆ.