ಮೇಟಗಳ್ಳಿಯಿಂದ ಮೈಸೂರಿಗೆ

ಹತ್ತೊಂಬತ್ತು ವರ್ಷದಿಂದ ಇದೇ ಊರಲ್ಲಿದ್ದೂ
ಅರಮನೆಯ ಹೊಸಿಲು ತುಳಿದಿರಲಿಲ್ಲ ನಾವು.
ಬಂದ ನೆಂಟರನ್ನು ಒಳಗೆ ಕಳಿಸಿ
ಹೊರಗೆ ಅವರ ಚಪ್ಪಲಿ ಕಾಯುತ್ತ
ಕಡಲೆಕಾಯಿ ತಿಂದದ್ದೇ ಬಂತು.

ಮೊನ್ನೆ ಫೌಂಡ್ರಿಯ ಕುಲುಮೆ ರಿಪೇರಿಗೆ ಬಿತ್ತು.
ನಮ್ಮವರಿಗೆ ಭಾನುವಾರ ಪೂರ್ತಿ ರಜ.
ಮದುವೆಗಳ ಕಾಲ ಮುಗಿದು ನನ್ನ ಮಿಷನ್ ಮೇಲೂ
ಒಂದೇ ಒಂದು ರವಿಕೆ, ಅದೂ ತೋಳಿಲ್ಲದ್ದು.
'ಮೈಸೂರು ನೋಡ್ಕೊಂಡ್ ಬರೋಣ್ವಾ?' ಅಂದರು,
ರೋಮಿಗೋ ಪ್ಯಾರಿಸ್ಸಿಗೋ ಕರೆಯುವವರ ಹಾಗೆ.
ಪಕ್ಕದ ಮನೆಗೆ ಬೀಗದ ಕೈ ಕೊಟ್ಟು,
ಕೊಡೆ, ನೀರಿನ ಬಾಟಲಿ, ನಾಲ್ಕು ಚಪಾತಿ ಹೊತ್ತು
ಬಸ್ಸು ಹತ್ತಿದರೆ
ಇಪ್ಪತ್ತೇ ನಿಮಿಷದ ಪರದೇಶ.

ಫಿಲೋಮಿನಾ ಚರ್ಚಿನ ಎದುರು ತಲೆಯೆತ್ತಿದೆ, ಸೆರಗು ಜಾರಿತು.
ಮುಗಿಲಿಗೆ ಚುಚ್ಚಿಟ್ಟ ಜೋಡಿ ಸೂಜಿ;
'ದಾರ ಪೋಣಿಸೋದು ಮರೆತಿದ್ದಾರೆ' ಅಂದೆ.
ನಮ್ಮವರು ನಗಲಿಲ್ಲ.
ನೆಲಮಾಳಿಗೆಗೆ ಇಳಿದು, ಮಲಗಿದ ಸಂತಳ ಮುಂದೆ
ಎಚ್ಚರವಾದೀತೆಂಬ ಹಾಗೆ ಪಿಸುಗುಟ್ಟಿದರು:
'ಕಾಲು ನೋಯ್ತಿದ್ಯಾ?'
ನನ್ನನ್ನೋ ಅವಳನ್ನೋ ತಿಳಿಯಲಿಲ್ಲ.

ದೇವರಾಜ ಮಾರ್ಕೆಟ್ಟಿನಲ್ಲಿ ಏನೂ ಕೊಳ್ಳಲಿಲ್ಲ.
ಸಂತೆಯ ಚೀಲವಿಲ್ಲದೆ, ಚೌಕಾಸಿಯಿಲ್ಲದೆ
ಕುಂಕುಮದ ಗುಡ್ಡೆಗಳ ನಡುವೆ ಸುಮ್ಮನೆ ನಡೆದೆವು.
ಸೊಪ್ಪಿನ ಸಣ್ಣಮ್ಮ ಗುರುತು ಹಿಡಿದು
'ಏನಕ್ಕಾ, ಇವತ್ತು ಕೈ ಬೀಸ್ಕೊಂಡು!' ಎಂದಾಗ
ಕದ್ದು ಸಿಕ್ಕಿಬಿದ್ದಷ್ಟು ನಾಚಿಕೆ.

ಬೆಟ್ಟಕ್ಕೆ ಹೋಗಲಿಲ್ಲ. ಅದು ನೋಡುವ ಜಾಗವಲ್ಲ,
ಹರಕೆಯ ಜಾಗ. ನಮಗೆ ಹರಕೆಗಳು ಮುಗಿದು
ಆರೇಳು ವರ್ಷವಾಯಿತು.

ಅರಮನೆಯ ಕಲ್ಯಾಣ ಮಂಟಪದಲ್ಲಿ
ಗಾಜಿನ ನವಿಲುಗಳ ಬಣ್ಣ ಮೈಮೇಲೆ ಸುರಿಯುತ್ತಿದ್ದರೆ
ನಮ್ಮವರ ಕಣ್ಣು ಕಂಬದ ಬುಡದಲ್ಲಿ.
'ಗ್ಲಾಸ್ಗೋದ ಎರಕ' ಎಂದು ಯಾವನೋ ಗೈಡು ಹೇಳಿದ್ದೇ ತಡ
ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು,
'ಎಲ್ಲೂ ಗುಳ್ಳೆ ಬಿಟ್ಟಿಲ್ಲ ಕಣೇ' ಅಂದರು.
ಕಾವಲಿನವ ಗದರಿದ.
ನಾನು ಗೋಡೆಯ ಚಿತ್ರದ ದಸರಾ ಮೆರವಣಿಗೆಯಲ್ಲಿ
ಕೋಟುಗಳ ತೋಳು ಕೂರಿಸಿದ್ದು ನೋಡುತ್ತಿದ್ದೆ:
ಒಬ್ಬರದಕ್ಕೂ ಕಂಕುಳಲ್ಲಿ ಸುಕ್ಕಿಲ್ಲ.
ಸತ್ತು ಮಣ್ಣಾದ ದರ್ಜಿಗಳೇ,
ಅಥವಾ ಸುಳ್ಳು ಬರೆದ ಚಿತ್ರಗಾರರೇ, ಭೇಷ್.

ಹೊರಗೆ ಬಂದಾಗ ಬೀದರಿನ ಕಡೆಯವರಂತೆ,
ನಮ್ಮ ಫೋಟೋ ತೆಗೆದುಕೊಟ್ಟು ಕೇಳಿದರು, 'ನಿಮ್ದು ಯಾವೂರ್ರಿ?'
'ಬಹಳ ದೂರ' ಅಂದುಬಿಟ್ಟೆ.
ನಮ್ಮವರು ನನ್ನತ್ತ ನೋಡಿ,
ಕತ್ತು ತಗ್ಗಿಸಿ,
'ಹೌದು, ರಾತ್ರಿ ಬಸ್ಸಿದೆ' ಎಂದು ಸೇರಿಸಿದರು.

ಸಂಜೆ ದೀಪ ಹತ್ತುವ ಹೊತ್ತಿಗೆ ಜನವೋ ಜನ.
ಚುರುಮುರಿ ತರುತ್ತೇನೆಂದು ಹೋದವರು ಬರಲಿಲ್ಲ.
ಅವರ ಫೋನು ನನ್ನ ಬ್ಯಾಗಿನಲ್ಲೇ ರಿಂಗಾಯಿತು.
'ರೀ' ಅಂದೆ: ಹತ್ತು ಗಂಡಸರು ತಿರುಗಿದರು.
ಇನ್ನೊಮ್ಮೆ 'ರೀ': ಮತ್ತೆ ಬೇರೆ ಹತ್ತು.
ರೇಷನ್ ಕಾರ್ಡಿಗೆ ಬರೆದಿದ್ದೇನೆ, ಬ್ಯಾಂಕಿನ ಚೀಟಿಗೆ ಬರೆದಿದ್ದೇನೆ,
ಮದುವೆಯ ದಿನ ಒಗಟು ಕಟ್ಟಿ ಅಡಗಿಸಿ ಹೇಳಿದ್ದು ಬಿಟ್ಟರೆ
ಬಾಯಿಬಿಟ್ಟು ಕೂಗಿರದ ಆ ಹೆಸರನ್ನು
ಅರಮನೆಯ ಎದುರು ಎದೆಯಿಂದ ಕಿತ್ತು ಎಸೆದೆ:
'ಚೆಲುವರಾಜೂ!'

ಅದೇ ಗಳಿಗೆಗೆ ದೀಪ ಹತ್ತಿತು.
ಸಾವಿರ ಸಾವಿರ ಬಲ್ಬು; ಜನವೆಲ್ಲ 'ಹೋ' ಎಂದಿತು.
ಪಕ್ಕದ ಮುದುಕಿ ಕೇಳಿತು,
'ಯಾವ್ ರಾಜ್ರನ್ ಕರೀತಿದ್ದೀಯವ್ವ, ಎಲ್ಲಾ ಹೋಗಾಯ್ತಲ್ಲ?'
ದೂರದಲ್ಲಿ, ಎರಡು ಕಾಗದದ ಪೊಟ್ಟಣ ಎತ್ತಿಹಿಡಿದು,
ಬೆಳಕಿಗೆ ಬೆನ್ನು ಹಾಕಿ
ನನ್ನನ್ನೇ ನೋಡುತ್ತ ನಿಂತಿದ್ದರು.

ವಾಪಸು ಬಸ್ಸಿನಲ್ಲಿ ಕಿಟಕಿಯ ಸೀಟು ನನಗೇ ಬಿಟ್ಟರು.
ಬಹಳ ಹೊತ್ತು ಸುಮ್ಮನಿದ್ದು
'ಇನ್ನೊಂದ್ ಸಲ ಕೂಗು' ಅಂದರು.
'ಟಿಕೆಟ್ ಎಲ್ಲಿ ಇಟ್ರಿ?' ಅಂದೆ.