ಯಾವ ಮನೆ

ಗೋಣಿಕೊಪ್ಪದ ಬೈಪಾಸಿನಲ್ಲಿ, ಟೈರು ಅಂಗಡಿಯ ಮೇಲೆ
ನನ್ನದೊಂದು ಕೋಣೆ. ಎರಡು ಯುಪಿಎಸ್, ಒಂದು ಕುರ್ಚಿ,
ಕೆಳಗಿಂದ ಸದಾ ಏರಿಬರುವ ರಬ್ಬರಿನ ವಾಸನೆ.
ನಲವತ್ತೊಂದು ಜನರ ವೆಬ್‌ಸೈಟು ಸಾಕುತ್ತೇನೆ:
ಹುದಿಕೇರಿಯ ಹೋಂಸ್ಟೇ, ಪೊನ್ನಂಪೇಟೆಯ ಹಾಕಿ ಕ್ಲಬ್ಬು,
ಸಿದ್ದಾಪುರದ ಕುಂಞಾಲಿಯ ಏಲಕ್ಕಿ,
ನಾಯಿಮರಿ ಮಾರುವ ಒಬ್ಬ ನಿವೃತ್ತ ಸುಬೇದಾರರು.
ಹೆಸರು ನಲವತ್ತೊಂದು, ಐಪಿ ವಿಳಾಸ ಒಂದೇ.
ಹಾಗಾದರೆ ಅಗ್ಗ.

ನಮ್ಮ ಕಡೆ ಗೊತ್ತಲ್ಲ,
ಬರೀ ಹೆಸರು ಹೇಳಿದರೆ ಸಾಲದು,
‘ಯಾವ ಮನೆ?’ ಎನ್ನುತ್ತಾರೆ.
ಮನೆಹೆಸರು ಕೇಳಿದ ಮೇಲೆ
ಕುರ್ಚಿ. ಇಲ್ಲವೇ ಜಗಲಿ.
ದೂರದೂರಿನ ಯಂತ್ರಗಳೂ ಅಷ್ಟೇ:
ಪತ್ರ ಒಡೆಯುವ ಮೊದಲೇ ಮನೆ ಕೇಳುತ್ತವೆ.

ಜುಲೈಯಲ್ಲಿ, ಕುಶಾಲನಗರದ ಟ್ರಾವೆಲ್ಸಿನ ದಿಲನ್
ಯಾರಿಂದಲೋ ಎರಡು ಲಕ್ಷ ವಿಳಾಸ ಕೊಂಡ.
ಮೂರು ರಾತ್ರಿ ಒಂದೇ ಸಮನೆ
‘ಅಭಿನಂದನೆ, ನೀವು ಆಯ್ಕೆಯಾಗಿದ್ದೀರಿ’
ಗೊತ್ತಿಲ್ಲದವರ ಬಾಗಿಲು ಬಡಿಯಿತು.
ಮೊದಲ ರಾತ್ರಿಯೇ ನನಗೆ ಎಚ್ಚರಿಕೆ ಬಂದಿತ್ತು.
ಓದಿದೆ ಕೂಡ.
ವರ್ಷದ ಹಣ ಮುಂಗಡ ಕೊಡುವವನು ದಿಲನ್,
ಬೆಳಗ್ಗೆ ನೋಡೋಣವೆಂದು ಮಲಗಿದೆ.
ಬೆಳಗ್ಗೆ ಕರೆಂಟಿರಲಿಲ್ಲ.

ಹನ್ನೆರಡನೆಯ ದಿನ ಬೊಳ್ಳಮ್ಮ ಮೆಟ್ಟಿಲೇರಿ ಬಂದರು,
ಶೆಟ್ಟಿಗೇರಿಯಿಂದ ಎರಡು ಬಸ್ಸು ಹಿಡಿದು,
ಕೈಯಲ್ಲೊಂದು ಬಾಟಲಿ ಕಾಚಂಪುಳಿ.
ಮೈಸೂರಿನ ಹೋಟೆಲಿಗೆ ದರ ಬರೆದು ಕಳಿಸಿದ್ದರು,
ಉತ್ತರವಿಲ್ಲ. ನಾಲ್ಕು ಸಲ ಕಳಿಸಿದರಂತೆ,
ಪ್ರತಿ ಸಲವೂ ಇನ್ನಷ್ಟು ತಗ್ಗಿ, ಇನ್ನಷ್ಟು ವಿನಯದಿಂದ.
‘ನನ್ನ ಇಂಗ್ಲಿಷು ಸರಿಯಿಲ್ಲವೇನೋ,
ಕೆಟ್ಟದ್ದೇನಾದರೂ ಬರೆದುಬಿಟ್ಟೆನಾ, ಸ್ವಲ್ಪ ನೋಡಪ್ಪ.’

ನೋಡಿದೆ.
ವಿನೆಗರ್ ಎಂಬಲ್ಲಿ ಒಂದು ‘ಎನ್’ ಹೆಚ್ಚಿತ್ತು.
ಅದಕ್ಕಲ್ಲ ಬೊಳ್ಳಮ್ಮ, ಎಂದೆ,
ನಿಮ್ಮ ವಿಳಾಸದಲ್ಲೇ ಇರುವ ಇನ್ನೊಬ್ಬ ಹೊಲಸು ಮಾಡಿದ,
ನಿಮ್ಮ ಪತ್ರವೂ ತಿಪ್ಪೆಗೆ ಬಿತ್ತು.
‘ಯಾರವನು? ನನಗೆ ಪರಿಚಯವೇ ಇಲ್ಲವಲ್ಲ!’
ಅವನಿಗೂ ಇಲ್ಲ ನಿಮ್ಮ ಪರಿಚಯ.
ಇಬ್ಬರನ್ನೂ ಬಲ್ಲವನು
ಬಾಟಲಿಯ ಚೀಟಿ ಓದುತ್ತ ಕೂತ.

ಅವರೆದುರೇ ಹೋಟೆಲಿಗೆ ಫೋನು ಹಚ್ಚಿದೆ.
‘ಏನೂ ಬರಲಿಲ್ಲ ಸಾರ್, ಬೇರೆಯವರಿಂದ ತರಿಸಿಕೊಂಡೆವು.’
ಸ್ಪೀಕರು ಆನಾಗಿತ್ತು.
ಅವರು ಸೆರಗು ಸರಿಮಾಡಿಕೊಂಡು
ನಾಲ್ಕೂವರೆ ಬಸ್ಸು ಎಂದರು.

ದಿಲನನ್ನು ತೆಗೆದುಹಾಕಿದೆ. ಕಪ್ಪುಪಟ್ಟಿಯವರಿಗೆ ಅರ್ಜಿ ತುಂಬಿದೆ.
ಕೊನೆಯ ಕಾಲಮ್ಮು: ತೊಂದರೆಯ ಮೂಲವೇನು?
‘ಒಬ್ಬ ಗ್ರಾಹಕ’ ಎಂದು ಬರೆದೆ. ಅಳಿಸಿದೆ.
ಮತ್ತೆ ಅದನ್ನೇ ಬರೆದೆ.
ಗಂಟೆ ಎರಡು. ಟೈರು ಅಂಗಡಿ ಮುಚ್ಚಿ ಎಷ್ಟೋ ಹೊತ್ತಾಗಿದೆ,
ಬಾಟಲಿಯ ಮುಚ್ಚಳ ಸರಿಯಾಗಿ ಕೂತಿಲ್ಲ,
ಕೋಣೆಯೆಲ್ಲ ಹುಳಿ.